ನಾಲಗೆಗೆ ಗೊತ್ತು, ನಮಗೆ ಗೊತ್ತಿಲ್ಲ!

ಮಕ್ಕಳೇ, ‘ಳ’ ಅಕ್ಷರದಿಂದ ಆರಂಭವಾಗುವ ಒಂದು ಕನ್ನಡ ಪದ ಹೇಳಿ ನೋಡೋಣ. ಸಿಗಲಿಲ್ಲ, ಅಲ್ಲವೇ? ಮಳೆ, ಬಾಳೆ, ಹಳ್ಳಿ ಎಂಬ ಪದಗಳಲ್ಲಿರುವ ‘ಳ’, ದಿನಬಳಕೆಯ ಯಾವ ಪದದ ಮೊದಲಲ್ಲೂ ಬರುವುದಿಲ್ಲ. ಈ ನಿಯಮವನ್ನು ನಿಮಗೆ ಯಾರೂ ಹೇಳಿಕೊಟ್ಟಿಲ್ಲ. ಆದರೂ ನಿಮ್ಮ ನಾಲಗೆ ಅದನ್ನು ಪಾಲಿಸುತ್ತದೆ. ಅವಸರದಲ್ಲಿ ‘ಹಳೆ ಬಾವಿ’ ಎನ್ನಲು ಹೋಗಿ ‘ಬಳೆ ಹಾವಿ’ ಎಂದುಬಿಡಬಹುದು. ‘ಳಹೆ ಬಾವಿ’ ಎನ್ನುವುದಿಲ್ಲ. ನಾಲಗೆಯನ್ನು ಆಡಿಸುವ ಮೆದುಳಿಗೆ ಯಾವ ಧ್ವನಿಯ ಜಾಗ ಯಾವುದೆಂದು ಗೊತ್ತು.

ದೊಡ್ಡವರಾದ ಮೇಲೂ ಇಂಥ ಹೊಸ ನಿಯಮ ಕಲಿಯಬಹುದೇ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗ್ಯಾರಿ ಡೆಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ವಯಸ್ಕರಿಂದ ‘ಫೆಸ್’ನಂಥ ಅರ್ಥವಿಲ್ಲದ ತುಂಡುಗಳ ಸಾಲುಗಳನ್ನು ವೇಗವಾಗಿ ಓದಿಸಿದರು. ಅದರಲ್ಲೊಂದು ಗುಟ್ಟಿತ್ತು. ಕೆಲವರ ಪಟ್ಟಿಯಲ್ಲಿ ‘ಫ್’ ಯಾವಾಗಲೂ ತುಂಡಿನ ಮೊದಲಲ್ಲಿ, ‘ಸ್’ ಕೊನೆಯಲ್ಲಿ ಇತ್ತು. ಉಳಿದವರಿಗೆ ಇದರ ತಿರುಗುಮುರುಗು. ಇಂಗ್ಲಿಷಿನಲ್ಲಿ ಇಂಥ ನಿಯಮವೇ ಇಲ್ಲ! ಓದುವಾಗ ನಾಲಗೆ ತಡವರಿಸಿತು. ಆದರೆ ತಪ್ಪಿ ಬಂದ ಧ್ವನಿಗಳೂ ಬಹುಪಾಲು ಪಟ್ಟಿಯ ನಿಯಮದಂತೆಯೇ ಬಂದವು. ಇದೇ ಅರಿವಿಲ್ಲದ ಕಲಿಕೆ.

ಜೊತೆಗಿರುವ ಸ್ವರಕ್ಕೆ ತಕ್ಕಂತೆ ವ್ಯಂಜನದ ಜಾಗ ಬದಲಾಗುವಂಥ ಜಟಿಲ ನಿಯಮಕ್ಕೆ ಹೆಚ್ಚು ಕಾಲ ಬೇಕು. ನಡುವೆ ನಿದ್ದೆ ಮಾಡಿದರೆ ಆ ಕಲಿಕೆಗೆ ನೆರವಾಗುತ್ತದೆ ಎಂದು 2014ರ ಅಧ್ಯಯನವೊಂದು ತೋರಿಸಿತು.

ಇನ್ನು ನಮ್ಮ ಸುತ್ತ ನೋಡೋಣ. ಹಳಗನ್ನಡದ ‘ಕಣ್’ ಈಗ ‘ಕಣ್ಣು’. ಪದದ ಕೊನೆಗೆ ಸ್ವರ ಸೇರಿಸುವುದು ಹೊಸಗನ್ನಡದ ರೂಢಿ. ಇಂಗ್ಲಿಷಿನ ‘ಬಸ್’ ಕೂಡ ‘ಬಸ್ಸು’ ಆಯಿತು. ಇಂದು ಬೆಂಗಳೂರಿನ ವಿಜಯನಗರದಲ್ಲಿ ‘ಬಸ್ಸು ಬಂತು’, ‘ಬಸ್ ಬಂತು’ ಎರಡೂ ಕೇಳಿಬರುತ್ತವೆ. ಕೊನೆಗೆ ಸ್ವರವಿಲ್ಲದೆ ನುಡಿಯುವುದನ್ನು ದೊಡ್ಡವರೂ ಕೇಳಿ ಕೇಳಿಯೇ ರೂಢಿಸಿಕೊಂಡಿದ್ದಾರೆ.

ವಿಜಯನಗರದಿಂದ ಕೆಂಗೇರಿಗೆ ಹೋಗುವ ಮೆಟ್ರೋ ದಾರಿಯಲ್ಲಿ ನಾಯಂಡಹಳ್ಳಿ ನಿಲ್ದಾಣವಿದೆ. ಹಿಂದಿಯಲ್ಲಿ ‘ಳ’ ಧ್ವನಿ ಇಲ್ಲ. ಹಾಗಾಗಿ ಹಿಂದಿ ಮನೆಮಾತಿನವರು ‘ನಾಯಂಡಹಲ್ಲಿ’ ಎನ್ನುವುದುಂಟು. ‘ಹಳ್ಳಿ ಹೋಗಿ ಹಲ್ಲಿ ಬಂತು’ ಎಂದು ನಗಬೇಡಿ. ಅವರ ಮೆದುಳು ತನಗೆ ಗೊತ್ತಿರುವ ನಿಯಮವನ್ನು ಪಾಲಿಸುತ್ತಿದೆ, ಅಷ್ಟೇ. ಹೊಸ ಧ್ವನಿಯನ್ನೇ ಕಲಿಯಲು ಇನ್ನೂ ಹೆಚ್ಚು ಅಭ್ಯಾಸ ಬೇಕು. ನಕ್ಕರೆ ಅವರು ಮಾತು ನಿಲ್ಲಿಸುತ್ತಾರೆ. ಮಾತು ನಿಂತರೆ ಕಲಿಕೆಯೂ ನಿಲ್ಲುತ್ತದೆ.

ಮಾಡಿ ನೋಡಿ: ಒಂದು ವಾರ, ನಿಮ್ಮ ಮತ್ತು ಗೆಳೆಯರ ಬಾಯಿತಪ್ಪಿದ ಮಾತುಗಳನ್ನು ಬರೆದಿಡಿ. ಪದದ ಮೊದಲ ಧ್ವನಿ ಎಲ್ಲಿಗೆ ಹಾರಿತು? ‘ಳ’ ಒಮ್ಮೆಯಾದರೂ ಮೊದಲಿಗೆ ಬಂತೇ?