ಮಂಗಳವಾರ್ತೆಯ ಹಬ್ಬ: ದಾಸಿಯ ಒಪ್ಪಿಗೆ



ಮಾರ್ಚ್ 25ರಂದು ಧರ್ಮಸಭೆಯು ಮಂಗಳವಾರ್ತೆಯ ಹಬ್ಬವನ್ನು ಆಚರಿಸುತ್ತದೆ. ಕ್ರಿಸ್ತಜಯಂತಿಗೆ ಸರಿಯಾಗಿ ಒಂಬತ್ತು ತಿಂಗಳು ಮುಂಚೆ ಬರುವ ಹಬ್ಬವಿದು. ಆದರೂ ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಇದು ಸದ್ದಿಲ್ಲದೆ ಬಂದು ಹೋಗುತ್ತದೆ. ತಪಸ್ಸು ಕಾಲದ ಗಾಂಭೀರ್ಯ ಒಂದು ಕಡೆ, ಮಕ್ಕಳ ಪರೀಕ್ಷೆ ಇನ್ನೊಂದು ಕಡೆ, ನೆತ್ತಿ ಸುಡುವ ಬಿಸಿಲಂತೂ ಆಗಲೇ ಶುರುವಾಗಿರುತ್ತದೆ. ಹಾಗಾಗಿ ಬಲಿಪೂಜೆಗೆ ಬರುವವರು ನಾಲ್ಕಾರು ಮನೆಯವರು ಮಾತ್ರ. ನಮ್ಮ ರಕ್ಷಣೆಯ ಕಥೆ ಒಬ್ಬ ಹೆಣ್ಣುಮಗಳ ಒಪ್ಪಿಗೆಯಿಂದ ಆರಂಭವಾದ ದಿನವನ್ನು ನಾವು ಹೀಗೆ ಕಳೆದುಕೊಳ್ಳಬಾರದು.

ಅಂದಿನ ಶುಭಸಂದೇಶದ (ಲೂಕ 1:26-38) ಕೊನೆಯಲ್ಲಿ ಮಾತೆ ಮರಿಯಮ್ಮನವರು ತಮ್ಮನ್ನು ಪ್ರಭುವಿನ ದಾಸಿ ಎಂದು ಕರೆದುಕೊಳ್ಳುತ್ತಾರೆ. ನಮ್ಮ ನೆಲಕ್ಕೆ ಈ ಮಾತು ಹೊಸದಲ್ಲ. ಇದು ದಾಸರ ನಾಡು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಎಲ್ಲರೂ ಈ ಸುತ್ತಿನವರೇ. ದಾಸ ಎಂದು ಹೇಳಿಕೊಳ್ಳುವುದು ಇಲ್ಲಿ ಅವಮಾನವಲ್ಲ, ಹಿರಿಮೆ.

ಆದರೆ ನಮ್ಮ ಜಿಲ್ಲೆಯಲ್ಲಿ 'ದಾಸಿ' ಎಂಬ ಮಾತಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. ಬಡವರ, ಬಹುಪಾಲು ದಲಿತರ ಮನೆಯ ಹೆಣ್ಣುಮಕ್ಕಳಿಗೆ ತಿಳಿವಳಿಕೆ ಬರುವ ಮೊದಲೇ ಮುತ್ತು ಕಟ್ಟಿ, ದೇವರಿಗೆ ಬಿಟ್ಟೆವು ಎಂದು ಕೈತೊಳೆದುಕೊಳ್ಳುತ್ತಿದ್ದರು. ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದು ಸಾರಿತು. ಆ ನೋವುಂಡ ಅಜ್ಜಿಯರ ಮೊಮ್ಮಕ್ಕಳು ನಮ್ಮ ಪೀಠಗಳ ಮೇಲೆಯೇ ಕುಳಿತಿರಬಹುದು. ಆದ್ದರಿಂದ ಈ ಮಾತನ್ನು ಯಾರನ್ನೂ ಬೆರಳು ಮಾಡಿ ತೋರಿಸಲು ನಾನು ಎತ್ತುತ್ತಿಲ್ಲ. ಒಂದೇ ಒಂದು ವ್ಯತ್ಯಾಸವನ್ನು ಕಾಣಬೇಕೆಂದು ಎತ್ತುತ್ತಿದ್ದೇನೆ: ಆ ಮಗುವನ್ನು ಯಾರೂ ಕೇಳಲಿಲ್ಲ. ಮರಿಯಮ್ಮನವರನ್ನು ಸರ್ವಶಕ್ತ ದೇವರೇ ಕೇಳಿದರು, ಕೇಳಿ ಉತ್ತರಕ್ಕಾಗಿ ಕಾದರು.

ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ತಮ್ಮ ಒಂದು ಪ್ರಬೋಧನೆಯಲ್ಲಿ ಈ ಕಾಯುವಿಕೆಯನ್ನು ಮನಮುಟ್ಟುವಂತೆ ವರ್ಣಿಸಿದ್ದಾರೆ. ಆದಾಮನಿಂದ ಹಿಡಿದು ಇಡೀ ಲೋಕವೇ ಆ ಕನ್ಯೆಯ ಬಾಯಿಂದ ಹೊರಡುವ ಒಂದು ಮಾತಿಗಾಗಿ ಉಸಿರು ಬಿಗಿಹಿಡಿದು ನಿಂತಿದೆ ಎನ್ನುತ್ತಾರೆ ಅವರು. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1964ರಲ್ಲಿ ಧರ್ಮಸಭೆಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ ಇದನ್ನೇ ಬೋಧಿಸಿತು. ದೇವರು ಮರಿಯಮ್ಮನವರನ್ನು ಒಂದು ಸಾಧನದಂತೆ ಸುಮ್ಮನೆ ಬಳಸಿಕೊಳ್ಳಲಿಲ್ಲ. ಅವರು ತಮ್ಮ ಸ್ವತಂತ್ರ ವಿಶ್ವಾಸದಿಂದಲೂ ವಿಧೇಯತೆಯಿಂದಲೂ ಸಹಕರಿಸಿದರು.

ಒಪ್ಪುವ ಮೊದಲು ಮರಿಯಮ್ಮನವರು ಒಂದು ಪ್ರಶ್ನೆಯನ್ನೂ ಕೇಳಿದರು. ಇದಾಗುವುದು ಹೇಗೆ ಎಂದರು. ಅದೇ ಅಧ್ಯಾಯದಲ್ಲಿ ಜಕರೀಯನೂ ದೂತನನ್ನು ಪ್ರಶ್ನಿಸಿ ಮೂಕನಾದನಲ್ಲ, ಇವರಿಗೇಕೆ ಆ ಶಿಕ್ಷೆಯಿಲ್ಲ ಎಂದು ಕೆಲವರು ಕೇಳುವುದುಂಟು. ಜಕರೀಯನು ನಂಬಲು ಗುರುತು ಕೇಳಿದ. ಮರಿಯಮ್ಮನವರು ನಡೆಯಲು ದಾರಿ ಕೇಳಿದರು. ದೇವರ ಮುಂದೆ ಪ್ರಶ್ನೆ ಇಡುವುದು ಅವಿಶ್ವಾಸವಲ್ಲ.

ಹೀಗಿರುವಾಗ, ನಾನು ದೇವರಿಗೆ ಅರ್ಪಿಸಬಹುದಾದದ್ದು ನನ್ನ ಚಿತ್ತವನ್ನು ಮಾತ್ರ. ನನ್ನ ಮಗಳ ಚಿತ್ತವನ್ನಲ್ಲ, ಸೊಸೆಯದ್ದನ್ನಲ್ಲ. ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ನೋಡಿ. ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಹುಡುಗಿಗೆ ಗಂಡು ಗೊತ್ತಾಗಿರುತ್ತದೆ. ಅವಳು ಕಣ್ಣೀರು ಹಾಕಿದರೆ "ದೇವರ ಚಿತ್ತಕ್ಕೆ ಎದುರಾಡಬ್ಯಾಡವ್ವ" ಎಂದು ಸಮಾಧಾನ ಮಾಡುತ್ತಾರೆ. ಅದು ದೇವರ ಚಿತ್ತವಲ್ಲ, ಸೋದರಮಾವನ ಚಿತ್ತ! ಹದಿನೆಂಟು ತುಂಬದ ಮದುವೆಯನ್ನು ಕಾನೂನು ಒಪ್ಪುವುದಿಲ್ಲ. ತಿಳಿದು, ಮನಸಾರೆ ಕೊಡುವ ಒಪ್ಪಿಗೆ ಇಲ್ಲದ ವಿವಾಹ ಸಂಸ್ಕಾರವನ್ನು ಧರ್ಮಸಭೆಯೂ ಒಪ್ಪುವುದಿಲ್ಲ. ಹುಟ್ಟುವ ಮೊದಲೇ ಮಗನನ್ನು ಗುರುಮಠಕ್ಕೆ ಹರಕೆ ಹೊತ್ತ ತಾಯಂದಿರಿಗೂ ನಾನು ಇದನ್ನೇ ಹೇಳುವುದು. ನೀವು ಪ್ರಾರ್ಥಿಸಿ, ಹಾರೈಸಿ. ಕರೆ ದೇವರದು, ಉತ್ತರ ಹುಡುಗನದು.

ದೇವರ ಚಿತ್ತ ಎಂಬ ಮಾತು ಇನ್ನೊಂದು ಕಡೆಯೂ ದಾರಿ ತಪ್ಪುತ್ತದೆ. ಹಣೆಬರಹ ಎಂದು ಹೇಳಬೇಕಾದ ಜಾಗದಲ್ಲಿ ನಾವು ಕ್ರೈಸ್ತರು ಅದನ್ನು ಇಟ್ಟುಬಿಟ್ಟಿದ್ದೇವೆ. ಮಾನ್ವಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪದಿದ್ದಾಗ "ಏನ್ ಮಾಡೋದ್ರಿ ಫಾದರ್, ಎಲ್ಲಾ ದೇವರ ಚಿತ್ತ" ಎಂಬ ಮಾತನ್ನು ಎಷ್ಟೋ ಬಾರಿ ಕೇಳಿದ್ದೇನೆ. ಮೇಲ್ಭಾಗದಲ್ಲಿ ಯಾರೋ ಪಂಪು ಹಚ್ಚಿ ಎತ್ತಿಕೊಂಡ ನೀರಿನ ಲೆಕ್ಕವನ್ನು ದೇವರ ಹೆಸರಿಗೆ ಬರೆಯುವುದು ನ್ಯಾಯವೇ? ದೇವದುರ್ಗದ ಹಳ್ಳಿಗಳಿಂದ ಗುಳೆ ಹೋಗುವಾಗ ಮಕ್ಕಳನ್ನು ಶಾಲೆ ಬಿಡಿಸಿ ಕಟ್ಟಡ ಕೆಲಸದ ಜಾಗಕ್ಕೆ ಕರೆದೊಯ್ಯುವ ತಂದೆತಾಯಿಯರ ಕಷ್ಟ ನನಗೆ ಗೊತ್ತು, ಅವರನ್ನು ಬೈಯುವ ಬಾಯಿ ನನಗಿಲ್ಲ. ಆದರೆ ಅದನ್ನು ದೇವರು ಬಯಸಿದ್ದು ಎಂದು ಮಾತ್ರ ಹೇಳಬೇಡಿ. ದೇವರು ಬಯಸುವುದು ಬೇರೆ, ಮನುಷ್ಯನ ಸ್ವಾತಂತ್ರ್ಯವನ್ನು ಗೌರವಿಸಿ ಆಗಗೊಡುವುದು ಬೇರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಸರಪಳಿ ಕಡಿದು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ತುಂಬಿದ್ದ ಜಲಾಶಯದ ನೀರು ಕಣ್ಣೆದುರೇ ನದಿಗೆ ಹರಿಯುತ್ತಿತ್ತು. ಗುಡಿ, ಮಸೀದಿ, ದೇವಾಲಯಗಳಲ್ಲಿ ಜನ ಕೈಜೋಡಿಸಿದರು. ಹರಿಯುವ ನೀರಿನ ಮೇಲೆಯೇ ಕೆಲಸಗಾರರು ಜೀವದ ಹಂಗು ತೊರೆದು ದುಡಿದು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು. ಆ ವರ್ಷ ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಗೇಟ್ ಕೂರಿಸಿದ ಕೈಗಳನ್ನೂ ಸುರಿದ ಮಳೆಯನ್ನೂ ಒಂದೇ ಸ್ತುತಿಯಲ್ಲಿ ನೆನೆಯಲು ನಮಗೆ ಯಾವ ಅಡ್ಡಿಯೂ ಇಲ್ಲ.

ಈ ಹಬ್ಬಕ್ಕೆ ಆರು ದಿನ ಮೊದಲು, ಮಾರ್ಚ್ 19ರಂದು, ನಾವು ಕೊಂಡಾಡುವ ಸಂತ ಜೋಸೆಫರನ್ನೇ ನೋಡಿ. ಶುಭಸಂದೇಶಗಳಲ್ಲಿ ಅವರ ಒಂದು ಮಾತೂ ಇಲ್ಲ, ಬರೀ ಎದ್ದು ಹೊರಡುವುದೇ ಇದೆ. ಈಜಿಪ್ಟಿನಿಂದ ಹಿಂದಿರುಗುವಾಗ ಜುದೇಯದಲ್ಲಿ ಅರ್ಖೆಲಾಯನು ಆಳುತ್ತಿದ್ದಾನೆಂದು ಕೇಳಿ ಅವರು ಅಂಜಿದರು. ಕನಸಿನಲ್ಲಿ ಬಂದ ಎಚ್ಚರಿಕೆಯೂ ಆ ಅಂಜಿಕೆಯನ್ನು ಅಲ್ಲಗಳೆಯದೆ ಗಲಿಲೇಯದ ಕಡೆಗೇ ನಡೆಸಿತು (ಮತ್ತಾಯ 2:22). ದೇವರಿಗೆ ಶರಣಾದವನು ಬುದ್ಧಿಯನ್ನು ಬಾಗಿಲ ಹೊರಗೆ ಬಿಟ್ಟುಬರಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಕಠಿಣವಾದ ಭಾಗ ಉಳಿಯುತ್ತದೆ. ಮಾಡಬೇಕಾದದ್ದನ್ನೆಲ್ಲ ಮಾಡಿಯೂ ಬದಲಾಗದ ಸಂಗತಿಗಳಿವೆ. ರಾಯಚೂರಿನ ಆಸ್ಪತ್ರೆಗಳಿಗೆ ಮಾನ್ವಿ, ದೇವದುರ್ಗದಿಂದ ರೋಗಿಗಳನ್ನು ಕರೆತಂದು ವರಾಂಡದಲ್ಲಿ ರಾತ್ರಿ ಕಳೆಯುವವರಿಗೆ ಇದು ಗೊತ್ತು. ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆಂದು ಹೋದಾಗ ಒಬ್ಬ ತಾಯಿ ನನ್ನ ಕೈಹಿಡಿದು, "ದೇವರ ಚಿತ್ತ ಅಂತ ಹೇಳಬ್ಯಾಡ್ರಿ ಫಾದರ್, ಪ್ರಾರ್ಥನಾ ಮಾಡ್ರಿ, ಸಾಕು" ಎಂದಳು. ನಾನು ಹೇಳಲಿಲ್ಲ. ಆ ಮಾತನ್ನು ಅವಳ ಪರವಾಗಿ ಹೇಳುವ ಅಧಿಕಾರ ನನಗೂ ಇಲ್ಲ. ಗೆತ್ಸೆಮನೆಯಲ್ಲಿ ಯೇಸುಸ್ವಾಮಿಯೂ ಮೊದಲು ಬೇಡಿದ್ದು ಆ ಪಾತ್ರೆ ತನ್ನಿಂದ ತೊಲಗಲೆಂದೇ. ಮೂರು ಬಾರಿ ಪ್ರಾರ್ಥಿಸಿದರು. ತಂದೆಯ ಚಿತ್ತಕ್ಕೆ ತಮ್ಮನ್ನು ಒಪ್ಪಿಸಿಕೊಂಡ ಮೇಲೂ ಅವರು ನೆಲಕ್ಕೊರಗಿ ಮಲಗಲಿಲ್ಲ, ಶಿಷ್ಯರನ್ನು ಎಬ್ಬಿಸಿಕೊಂಡು ಮುಂದೆ ನಡೆದರು.

2020ರಲ್ಲಿ ಈ ಹಬ್ಬದ ದಿನವೇ ದೇಶಕ್ಕೆಲ್ಲ ಬೀಗ ಬಿತ್ತು. ದೇವಾಲಯದ ಬಾಗಿಲು ಮುಚ್ಚಿ ಗುರುಗಳು ಒಬ್ಬೊಬ್ಬರೇ ಬಲಿಪೂಜೆ ಅರ್ಪಿಸಿದರು. ಗುಳೆ ಹೋದವರು ದೂರದ ಊರುಗಳಲ್ಲಿ ಸಿಕ್ಕಿಬಿದ್ದರು. ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಆ ಮಧ್ಯಾಹ್ನ ಲೋಕದ ಕ್ರೈಸ್ತರೆಲ್ಲರೂ ಒಟ್ಟಾಗಿ ಪರಲೋಕ ಮಂತ್ರವನ್ನು ಜಪಿಸಬೇಕೆಂದು ಕರೆಕೊಟ್ಟಿದ್ದರು. ಅದರ ಮೂರನೆಯ ಬೇಡಿಕೆ ತಂದೆಯ ಚಿತ್ತದ್ದು, ಅದಾದ ಕೂಡಲೇ ಬರುವುದು ಅನ್ನದ್ದು. ಆ ತಿಂಗಳುಗಳಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಬೇಡುವುದೆಂದರೇನು ಎಂದು ನಮ್ಮ ಜನಕ್ಕೆ ಯಾರೂ ವಿವರಿಸಬೇಕಾಗಲಿಲ್ಲ.

ದೇವರ ಚಿತ್ತವನ್ನು ತಿಳಿಯುವುದು ಹೇಗೆ ಎಂದು ಯುವಜನರು ಕೇಳುತ್ತಾರೆ. ಪಾಪವಾದದ್ದು ಅವರ ಚಿತ್ತವಲ್ಲ, ಅಲ್ಲಿಗೆ ಅರ್ಧ ಗೊಂದಲ ಮುಗಿಯಿತು. ಉಳಿದದ್ದಕ್ಕೆ ದೇವರ ವಾಕ್ಯವಿದೆ, ಮನಸ್ಸಾಕ್ಷಿಯಿದೆ, ಬಲ್ಲವರ ಸಲಹೆಯಿದೆ. ಮನಸ್ಸು ಕದಡಿ ಕತ್ತಲಾಗಿರುವಾಗ ಹಿಂದೆ ಮಾಡಿದ ತೀರ್ಮಾನವನ್ನು ಬದಲಿಸಬೇಡಿ ಎಂಬ ಸಂತ ಇಗ್ನಾಸಿಯವರ ಬುದ್ಧಿಮಾತೂ ಇದೆ.

ಶುಭಸಂದೇಶದ ಆ ಭಾಗ ಮುಗಿಯುವುದು ದೂತನು ಹೊರಟುಹೋದನು ಎಂಬಲ್ಲಿ. ಮತ್ತೆ ಅವನು ಮರಿಯಮ್ಮನವರ ಬಳಿ ಬಂದನೆಂದು ಲೂಕನು ಎಲ್ಲಿಯೂ ಬರೆಯುವುದಿಲ್ಲ. ಸಿಮೆಯೋನನು ಅಲಗಿನ ಮಾತಾಡಿದಾಗ ದೂತನಿಲ್ಲ. ಹನ್ನೆರಡರ ಬಾಲಕ ಕಳೆದುಹೋಗಿ ಮೂರು ದಿನ ಹುಡುಕಿದಾಗಲೂ ಇಲ್ಲ, ಸಿಕ್ಕ ಮೇಲೆ ಅವನು ಆಡಿದ ಮಾತು ಅವರಿಗೆ ಅರ್ಥವಾಗಲಿಲ್ಲ. ನಜರೇತಿನಲ್ಲಿ ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಅವರು ಪ್ರತಿಸಲವೂ ಹೊಸದಾಗಿ, ಬೆಳಕಿಲ್ಲದೆ ಕೊಡಬೇಕಾಯಿತು. ಶಿಲುಬೆಯ ಬುಡದವರೆಗೂ.

ಈ ಬಾರಿ ಹಬ್ಬದ ಬಲಿಪೂಜೆಗೆ ಬನ್ನಿ. ವಿಶ್ವಾಸ ಪ್ರಮಾಣದಲ್ಲಿ ದೇವಪುತ್ರರು ಮನುಷ್ಯರಾದರೆಂದು ಹೇಳುವಲ್ಲಿ ಬೇರೆ ದಿನಗಳಲ್ಲಿ ನಾವು ತಲೆಬಾಗುತ್ತೇವೆ. ಕ್ರಿಸ್ತಜಯಂತಿಯಂದು ಮತ್ತು ಈ ದಿನ ಮಾತ್ರ ಮೊಣಕಾಲೂರುತ್ತೇವೆ. ಮಂಡಿನೋವಿನ ಹಿರಿಯರು ಪೀಠ ಹಿಡಿದು ನಿಂತೇ ತಲೆಬಾಗಿದರೂ ಸಾಕು. ಮಕ್ಕಳಿಗೆ ಮಾತ್ರ ಮುಂಚೆಯೇ ಹೇಳಿಟ್ಟಿರಿ, ಇಲ್ಲದಿದ್ದರೆ ಎಲ್ಲರೂ ಒಮ್ಮೆಲೇ ಕೆಳಗಿಳಿದಾಗ ಅವರು ಸುತ್ತಮುತ್ತ ನೋಡುತ್ತಾ ನಿಂತುಬಿಡುತ್ತಾರೆ.