ಸೂಟ್‌ಕೇಸಿನೊಳಗಿನ ಬ್ಯಾಟರಿ: ವಿಮಾನ ಏರುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮುಂಬಯಿ ಕನ್ನಡಿಗರು ತಗಡಿನ ಟ್ರಂಕು, ಹೋಲ್ಡಾಲುಗಳೊಂದಿಗೆ ಬಸ್ಸು ಹತ್ತಿ ಊರಿಗೆ ಹೊರಡುತ್ತಿದ್ದ ಕಾಲವೊಂದಿತ್ತು. 1998ರಲ್ಲಿ ಕೊಂಕಣ ರೈಲು ಈ ಮಹಾನಗರವನ್ನು ಕರಾವಳಿಗೆ ಹತ್ತಿರ ತಂದಿತು. ಇಂದು ಮಂಗಳೂರು, ಬೆಂಗಳೂರುಗಳಿಗೆ ವಿಮಾನದಲ್ಲಿ ಹೋಗಿಬರುವುದು ನಮ್ಮ ಮಧ್ಯಮ ವರ್ಗದ ಕುಟುಂಬಗಳಿಗೂ ಸಹಜವಾಗಿದೆ. ಟ್ರಂಕಿನ ಸ್ಥಾನದಲ್ಲಿ ಚಕ್ರದ ಸೂಟ್‌ಕೇಸ್ ಬಂತು. ಈಗ ಅದರೊಳಗೆ ಬ್ಯಾಟರಿಯೂ ಬಂದು ಕುಳಿತಿದೆ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಕೊಡಿಸಿದ ಇಂತಹ ‘ಸ್ಮಾರ್ಟ್’ ಸೂಟ್‌ಕೇಸ್ ಹಿಡಿದು ಹೊರಟ ಹಿರಿಯರು, ಕೌಂಟರಿನಲ್ಲಿ ‘ಇದರ ಬ್ಯಾಟರಿ ತೆಗೆಯಿರಿ’ ಎಂಬ ಮಾತು ಕೇಳಿ ತಬ್ಬಿಬ್ಬಾಗುವುದುಂಟು. ಆದ್ದರಿಂದ ಈ ನಿಯಮದ ಹಿನ್ನೆಲೆಯನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಫೋನಿಗೆ ಚಾರ್ಜ್ ನೀಡುವ, ತಾನೆಲ್ಲಿದ್ದೇನೆಂದು ಮೊಬೈಲಿಗೆ ತಿಳಿಸುವ, ಕೆಲವೊಮ್ಮೆ ಮೇಲೆ ಕುಳಿತವರನ್ನೇ ಹೊತ್ತು ಸಾಗುವ ಈ ಸೂಟ್‌ಕೇಸ್‌ಗಳ ಜೀವಾಳ ಲಿಥಿಯಂ ಅಯಾನ್ ಬ್ಯಾಟರಿ. ಒಣ ಕೊಬ್ಬರಿಯನ್ನು ವಿಮಾನದ ಸಾಮಾನಿನಲ್ಲಿ ಹಾಕಬಾರದೆಂಬುದು ನಮ್ಮ ಅನೇಕ ಗೃಹಿಣಿಯರಿಗೆ ಗೊತ್ತು. ಎಣ್ಣೆಯಂಶ ತುಂಬಿದ ಕೊಬ್ಬರಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲದು ಎಂಬುದೇ ಅದಕ್ಕೆ ಕಾರಣ. ಬ್ಯಾಟರಿಯ ಸ್ವಭಾವವೂ ಹೆಚ್ಚುಕಡಿಮೆ ಅಂಥದೇ. ಅದರ ಒಳಗಿನ ಎರಡು ಧ್ರುವಗಳ ನಡುವೆ ಒಂದು ತೆಳು ಪದರವಿರುತ್ತದೆ. ಪೆಟ್ಟು ಬಿದ್ದು ಅಥವಾ ತಯಾರಿಕೆಯ ದೋಷದಿಂದ ಆ ಪದರ ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ, ಒಂದು ಕೋಶದ ಕಾವು ಪಕ್ಕದ ಕೋಶಕ್ಕೆ ಹಬ್ಬುತ್ತ ಹೋಗುತ್ತದೆ. ವಿಮಾನದ ಕೆಳಗಿನ ಸಾಮಾನು ಕೋಣೆಯಲ್ಲಿ ಬೆಂಕಿ ಆರಿಸಲು ಹ್ಯಾಲನ್ ಅನಿಲದ ವ್ಯವಸ್ಥೆ ಇರುತ್ತದೆ. ಅದು ಜ್ವಾಲೆಯನ್ನು ಅಡಗಿಸಬಲ್ಲದೇ ಹೊರತು ಬ್ಯಾಟರಿಯ ಒಳಗಿನ ಕಾವನ್ನು ತಣಿಸಲಾರದು. ಹಾರಾಟದ ನಡುವೆ ಅಲ್ಲಿಗೆ ಯಾರೂ ಇಳಿದು ಹೋಗುವಂತೆಯೂ ಇಲ್ಲ.

ಇದು ಕೇವಲ ಊಹೆಯ ಭಯವಲ್ಲ. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಯುಪಿಎಸ್ ಸಂಸ್ಥೆಯ ಸರಕು ವಿಮಾನದಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ತಗಲಿ, ವಿಮಾನ ಪತನಗೊಂಡು ಇಬ್ಬರು ಪೈಲಟ್‌ಗಳೂ ಪ್ರಾಣ ಕಳೆದುಕೊಂಡರು. 2018ರ ಜನವರಿಯಿಂದ ಅಮೆರಿಕದ ಪ್ರಮುಖ ವಿಮಾನ ಸಂಸ್ಥೆಗಳು ಬ್ಯಾಟರಿ ತೆಗೆಯಲಾಗದ ಸೂಟ್‌ಕೇಸ್‌ಗಳನ್ನು ನಿರಾಕರಿಸಿದವು. ಅಂತಹ ಸೂಟ್‌ಕೇಸ್‌ಗಳಿಗೆ ಹೆಸರಾಗಿದ್ದ ಬ್ಲೂಸ್ಮಾರ್ಟ್ ಕಂಪನಿ ಅದೇ ವರ್ಷದ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು.

ನಿಯಮದ ಸಾರ ಇಷ್ಟು: ಸೂಟ್‌ಕೇಸನ್ನು ಚೆಕ್-ಇನ್ ಮಾಡುವುದಾದರೆ ಬ್ಯಾಟರಿಯನ್ನು ಕಳಚಿ ನಮ್ಮೊಂದಿಗೆ ಕ್ಯಾಬಿನ್ನಿಗೆ ಒಯ್ಯಬೇಕು. ಕಳಚಲಾಗದ ಬ್ಯಾಟರಿ 2.7 ವ್ಯಾಟ್ ಅವರ್ ಮೀರಿದ್ದರೆ ಆ ಸೂಟ್‌ಕೇಸ್ ಚೆಕ್-ಇನ್‌ಗೂ ಸಲ್ಲದು, ಕ್ಯಾಬಿನ್ನಿಗೂ ಸಲ್ಲದು. ಸಾಮಾನಿನ ಜಾಡು ತಿಳಿಯಲು ಒಳಗಿಡುವ ನಾಣ್ಯದಾಕಾರದ ಸೆಲ್ಲಿನ ಸಣ್ಣ ಟ್ಯಾಗ್‌ಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಕಳಚಿದ ಬ್ಯಾಟರಿಗೂ ಪವರ್ ಬ್ಯಾಂಕಿಗೂ ಒಂದೇ ಲೆಕ್ಕ. 100 ವ್ಯಾಟ್ ಅವರ್‌ವರೆಗೆ ಪ್ರತ್ಯೇಕ ಅನುಮತಿ ಬೇಕಿಲ್ಲ. 100ರಿಂದ 160ರವರೆಗಿನವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅವು ಎರಡನ್ನು ಮೀರಬಾರದು. 160 ದಾಟಿದವನ್ನು ಒಯ್ಯುವಂತಿಲ್ಲ. ಬ್ಯಾಟರಿಯ ಮೇಲೆ ಎಂಎಎಚ್ ಮಾತ್ರ ಬರೆದಿದ್ದರೆ ಅದನ್ನು ವೋಲ್ಟೇಜಿನಿಂದ ಗುಣಿಸಿ 1000ದಿಂದ ಭಾಗಿಸಬೇಕು. 20,000 ಎಂಎಎಚ್, 3.7 ವೋಲ್ಟ್ ಎಂದಿದ್ದರೆ 74 ವ್ಯಾಟ್ ಅವರ್ ಆಯಿತು. ಅಕ್ಷರ ಅಳಿಸಿಹೋದ ಬ್ಯಾಟರಿಯನ್ನು, ಉಬ್ಬಿಕೊಂಡದ್ದನ್ನು ಮನೆಯಲ್ಲೇ ಬಿಡುವುದು ಲೇಸು.

ಕ್ಯಾಬಿನ್ನಿಗೆ ಒಯ್ದ ಮಾತ್ರಕ್ಕೆ ಜವಾಬ್ದಾರಿ ಮುಗಿಯಲಿಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನದಲ್ಲಿ, ತಲೆಯ ಮೇಲಿನ ಸಾಮಾನು ಅರೆಯೊಳಗೆ ಬೆಂಕಿ ಹತ್ತಿ ವಿಮಾನದ ಛಾವಣಿಯೇ ಸುಟ್ಟುಹೋಯಿತು. ಪವರ್ ಬ್ಯಾಂಕೇ ಕಾರಣವಿರಬೇಕೆಂದು ತನಿಖೆ ತಿಳಿಸಿತು. ವಿಮಾನ ನೆಲದ ಮೇಲಿದ್ದುದರಿಂದ ಅದರಲ್ಲಿದ್ದ 176 ಮಂದಿಯೂ ಪಾರಾದರು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ 2025ರ ನವೆಂಬರಿನ ಸೂಚನೆಯಲ್ಲಿ ಪವರ್ ಬ್ಯಾಂಕ್ ಹಾಗೂ ಬಿಡಿ ಬ್ಯಾಟರಿಗಳನ್ನು ಮೇಲಿನ ಅರೆಯಲ್ಲಿ ಇಡಬಾರದು, ಹಾರಾಟದಲ್ಲಿ ಪವರ್ ಬ್ಯಾಂಕ್ ಬಳಸಿ ಚಾರ್ಜ್ ಮಾಡಬಾರದು ಎಂದು ಹೇಳಿದೆ. ಬ್ಯಾಟರಿ ಕಣ್ಣಳತೆಯಲ್ಲಿ ಇರಬೇಕು ಎಂಬುದೇ ಇವೆಲ್ಲದರ ತಾತ್ಪರ್ಯ. ಹೊಗೆ ಕಂಡ ಕೂಡಲೇ ಸಿಬ್ಬಂದಿ ಬೆಂಕಿ ನಂದಿಸಿ, ನೀರು ಸುರಿದು ತಣಿಸಬಲ್ಲರು.

ತಪ್ಪು ನಡೆಯುವ ಸಂಭವ ಹೆಚ್ಚಿರುವುದು ಕೊನೆಯ ಗಳಿಗೆಯಲ್ಲಿ. ಕ್ಯಾಬಿನ್ನಿನಲ್ಲಿ ಜಾಗ ಸಾಲದಿದ್ದರೆ ಸಿಬ್ಬಂದಿ ಕೈಚೀಲವನ್ನು ವಿಮಾನದ ಬಾಗಿಲಲ್ಲೇ ಪಡೆದು ಕೆಳಗಿನ ಕೋಣೆಗೆ ಕಳುಹಿಸುವುದುಂಟು. ಗಡಿಬಿಡಿಯಲ್ಲಿ ನಾವು ಬ್ಯಾಟರಿಸಮೇತ ಅದನ್ನು ಒಪ್ಪಿಸಿಬಿಡುತ್ತೇವೆ. ಆಗ ಒಂದು ನಿಮಿಷ ನಿಂತು, ‘ಇದರಲ್ಲಿ ಬ್ಯಾಟರಿ ಇದೆ’ ಎಂದು ಹೇಳಿ ಅದನ್ನು ತೆಗೆದುಕೊಳ್ಳಲು ಸಂಕೋಚ ಬೇಡ. ಹಿಂದೆ ನಿಂತವರು ಗೊಣಗಿದರೂ ಚಿಂತೆಯಿಲ್ಲ.

ಆದುದರಿಂದ ಹೊರಡುವ ಹಿಂದಿನ ದಿನವೇ ಮನೆಯಲ್ಲಿ ಬ್ಯಾಟರಿ ಕಳಚಿ ನೋಡಬೇಕು. ಅಪ್ಪ-ಅಮ್ಮ ಇಬ್ಬರೇ ಪಯಣಿಸುವುದಾದರೆ ಅವರ ಕೈಯಿಂದಲೇ ಒಮ್ಮೆ ಮಾಡಿಸಬೇಕು. ಕಳಚಿದ ಬ್ಯಾಟರಿಯ ತುದಿಗಳಿಗೆ ಟೇಪು ಅಂಟಿಸಿ, ಬೀಗದ ಕೈ, ನಾಣ್ಯಗಳು ತಾಗದಂತೆ ಪ್ರತ್ಯೇಕ ಚೀಲದಲ್ಲಿಡಬೇಕು. ಫೋನು ಆಸನದ ಸಂದಿಗೆ ಜಾರಿದರೆ ಆಸನ ಅಲುಗಾಡಿಸದೆ ಸಿಬ್ಬಂದಿಯನ್ನು ಕರೆಯಬೇಕು. ಬ್ಯಾಟರಿಚಾಲಿತ ಗಾಲಿಕುರ್ಚಿಗೆ ನಿಯಮಗಳು ಬೇರೆ. ಅದನ್ನು ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಬೇಕು. ಸಂಸ್ಥೆಯಿಂದ ಸಂಸ್ಥೆಗೆ ಕಟ್ಟುಪಾಡು ಬದಲಾಗುವುದರಿಂದ ಟಿಕೆಟ್ಟಿನೊಂದಿಗೆ ಅದನ್ನೂ ಓದಿಕೊಳ್ಳಬೇಕು.

ಮಕ್ಕಳು ಕೊಟ್ಟ ಉಡುಗೊರೆಯನ್ನು ಅಟ್ಟಕ್ಕೇರಿಸಬೇಕಾಗಿಲ್ಲ. ಅದರ ಬ್ಯಾಟರಿ ಎಲ್ಲಿದೆ, ಹೇಗೆ ಕಳಚುತ್ತದೆ ಎಂಬುದು ಒಯ್ಯುವವರಿಗೆ ತಿಳಿದಿದ್ದರೆ ಸಾಕು. ನಮ್ಮೊಡನೆ ಅದೇ ವಿಮಾನದಲ್ಲಿರುವ ನೂರಾರು ಮಂದಿಯ ಕ್ಷೇಮವೂ ಈ ಸಣ್ಣ ಎಚ್ಚರದಲ್ಲಿ ಅಡಗಿದೆ. ಓದುಗರೆಲ್ಲರ ಪ್ರಯಾಣ ಸುಖಕರವಾಗಲಿ ಎಂದು ಹಾರೈಸುತ್ತೇವೆ.