ಇಂಗ್ಲಿಷ್ ಕೋಶಗಳಲ್ಲಿ ಅಪ್ರಯುಕ್ತಪದಗಳು

ಕೋಶದಲ್ಲಿ ಕಂಡ ಮಾತ್ರಕ್ಕೆ ಒಂದು ಶಬ್ದವು ಭಾಷೆಯ ಶಬ್ದವೆನಿಸುವುದೇ ಎಂಬ ಪ್ರಶ್ನೆ ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ, ವ್ಯಾಕರಣದಿಂದ ಸಿದ್ಧವಾಗಿಯೂ ಲೋಕದಲ್ಲಿ ಕೇಳಿಬರದ ರೂಪಗಳನ್ನು ಕುರಿತು ಚರ್ಚಿಸಿ, ಶಬ್ದಪ್ರಯೋಗದ ಕ್ಷೇತ್ರವು ಬಹು ವಿಸ್ತಾರವಾದುದರಿಂದ ಅದನ್ನೆಲ್ಲ ಅರಸದೆ ಇಲ್ಲವೆನ್ನುವುದು ಸಾಹಸವೆಂದು ಎಚ್ಚರಿಸಿದ್ದಾನೆ. ಮಮ್ಮಟನಾದರೋ ಕಾವ್ಯಪ್ರಕಾಶದಲ್ಲಿ ‘ಅಪ್ರಯುಕ್ತ’ವನ್ನು ದೋಷಗಳಲ್ಲಿ ಎಣಿಸಿ, ‘ದೈವತ’ ಶಬ್ದದ ಪುಂಲಿಂಗಪ್ರಯೋಗವನ್ನು ಉದಾಹರಿಸಿದ್ದಾನೆ. ಆ ಲಿಂಗವನ್ನು ಕೋಶವು ಒಪ್ಪಿದ್ದರೂ ಕವಿಗಳು ಆದರಿಸಲಿಲ್ಲ. ಈ ಎರಡು ಮಾತುಗಳನ್ನೂ ಕೈದೀವಿಗೆಯಾಗಿ ಹಿಡಿದು ಇಂಗ್ಲಿಷ್ ಭಾಷೆಯ ಕ್ಲಿಷ್ಟಪದಗಳ ಚರಿತ್ರೆಯನ್ನು ನೋಡುವುದು ಈ ಲೇಖನದ ಉದ್ದೇಶ. ಅಪೂರ್ವವಾದ ಇಂಗ್ಲಿಷ್ ಪದಗಳ ಪಟ್ಟಿಗಳನ್ನು ವಿದ್ಯಾರ್ಥಿಗಳಿಂದ ಕಂಠಪಾಠ ಮಾಡಿಸುವ ಉಪಾಧ್ಯಾಯರಿಗೂ, ಅಂಥ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವ ಕೋಶಕಾರರಿಗೂ ಈ ವಿಚಾರವು ಉಪೇಕ್ಷಣೀಯವಲ್ಲ.

ಈ ಪದಗಳು ಮೂರು ಬಗೆಯಾಗಿ ಕಾಣಬರುತ್ತವೆ. ಮೊದಲನೆಯವು, ಹೊರಗಿನಿಂದ ಬಂದು ಬಳಕೆಯಿಂದ ರೂಢವಾದುವು. ಎರಡನೆಯವು, ಕೋಶದಲ್ಲಿ ಮಾತ್ರ ನಿಂತುವು. ಮೂರನೆಯವು, ಎಂದೂ ಹುಟ್ಟದೆಯೇ ಕೋಶವನ್ನು ಹೊಕ್ಕವು.

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿದ್ವಾಂಸರು ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಿಂದ ಪದಗಳನ್ನು ಹೇರಳವಾಗಿ ತಂದರು. ಅಂದು ಮಸಿಯನ್ನು ಕೊಂಬಿನ ಕುಡಿಕೆಯಲ್ಲಿ ಇಡುತ್ತಿದ್ದುದರಿಂದ, ಬರೆಹಗಾರನ ಮಸಿಗೊಂಬಿನಿಂದ ಹೊರಟ ಮಾತೆಂಬ ಅರ್ಥದಲ್ಲಿ ಇವಕ್ಕೆ ‘ಇಂಕ್‌ಹಾರ್ನ್’ ಪದಗಳೆಂಬ ಪರಿಹಾಸದ ಹೆಸರು ಬಿದ್ದಿತು. ಥಾಮಸ್ ವಿಲ್ಸನ್ ಎಂಬಾತನು ೧೫೫೩ರಲ್ಲಿ ಪ್ರಕಟಿಸಿದ ಅಲಂಕಾರಗ್ರಂಥದಲ್ಲಿ ಇಂಥ ಪದಗಳನ್ನೇ ಪೋಣಿಸಿದ ಹಾಸ್ಯಪತ್ರವೊಂದನ್ನು ಸೇರಿಸಿದನು. ಸರ್ ಜಾನ್ ಚೀಕ್ ಎಂಬ ಪಂಡಿತನು ಭಾಷೆಯನ್ನು ಬೆರಕೆಯಿಲ್ಲದೆ ಕಾಯಬೇಕೆಂದು ೧೫೫೭ರಲ್ಲಿ ಬರೆದನು. ಮತ್ತಾಯನ ಸುವಾರ್ತೆಯನ್ನು ಭಾಷಾಂತರಿಸುವಾಗ, ನೂರು ಸೈನಿಕರ ನಾಯಕನಿಗೆ ‘ಸೆಂಚೂರಿಯನ್’ ಎನ್ನದೆ ‘ಹಂಡ್ರೆಡರ್’ ಎಂದೂ, ಶಿಲುಬೆಗೇರಿಸಿದುದಕ್ಕೆ ‘ಕ್ರೂಸಿಫೈಡ್’ ಎನ್ನದೆ ‘ಕ್ರಾಸ್ಡ್’ ಎಂದೂ ದೇಶೀಯ ರೂಪಗಳನ್ನು ಕಟ್ಟಿದನು. ಅಚ್ಚಗನ್ನಡದಲ್ಲಿ ಕಬ್ಬಿಗರ ಕಾವವನ್ನು ರಚಿಸಿದ ಆಂಡಯ್ಯನನ್ನು ಬಲ್ಲ ನಮಗೆ ಈ ಹಟವು ಅಪರಿಚಿತವಲ್ಲ.

ಆದರೆ ತೀರ್ಪು ಕೊಟ್ಟುದು ಪಂಡಿತರಲ್ಲ, ಬಳಕೆ. ಚೀಕನ ‘ಹಂಡ್ರೆಡರ್’ ಉಳಿಯಲಿಲ್ಲ. ವಿಲ್ಸನ್ ನಗೆಯಾಡಿದ ಪತ್ರದ ಪದಗಳಲ್ಲಿ ‘ಸೆಲೆಬ್ರೇಟ್’, ‘ಕೆಪ್ಯಾಸಿಟಿ’, ‘ಡೆಕ್ಸ್‌ಟೆರಿಟಿ’ ಎಂಬುವು ಇಂದು ಶಾಲೆಯ ಹುಡುಗರ ಬಾಯಲ್ಲಿಯೂ ಇವೆ. ಅದೇ ಪತ್ರದ ‘ಇಂಜೆಂಟ್’, ಎಂದರೆ ಬಹು ದೊಡ್ಡ, ಮತ್ತು ‘ಫ್ಯಾಟಿಗೇಟ್’, ಎಂದರೆ ಆಯಾಸಗೊಳಿಸು, ಎಂಬುವು ಅಳಿದುವು. ಎರಡು ಗುಂಪಿಗೂ ಮೂಲವು ಲ್ಯಾಟಿನ್ನೇ, ವ್ಯುತ್ಪತ್ತಿಶುದ್ಧಿಯೂ ಸಮಾನ. ಆದುದರಿಂದ ಪದದ ಬಾಳಿಗೆ ಕುಲಶುದ್ಧಿಯೂ ಸಾಲದು, ವಿದ್ವಾಂಸರ ನಿಂದೆಯೂ ಅಡ್ಡಿಯಲ್ಲ.

ಇನ್ನು ಎರಡನೆಯ ಬಗೆ. ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲಿಯೇ ಅರ್ಥ ಹೇಳುವ ಆದಿಕೋಶಗಳು ಸರ್ವಪದಸಂಗ್ರಹಗಳಾಗಿರಲಿಲ್ಲ, ಕಠಿನಪದಗಳ ಪಟ್ಟಿಗಳಾಗಿದ್ದುವು. ೧೬೦೪ರಲ್ಲಿ ಹೊರಟ ರಾಬರ್ಟ್ ಕಾಡ್ರಿಯ ಕೋಶದಲ್ಲಿದ್ದುದು ಸುಮಾರು ೨,೫೦೦ ಪದ. ಕಲಿಯುವ ಅವಕಾಶವಿಲ್ಲದ ಸ್ತ್ರೀಯರಿಗೂ ಇತರರಿಗೂ ನೆರವಾಗಲೆಂಬ ಉದ್ದೇಶವನ್ನು ಅದು ಹೆಸರಿನ ಪುಟದಲ್ಲಿಯೇ ಹೇಳಿಕೊಂಡಿತ್ತು. ೧೬೧೬ರಲ್ಲಿ ಜಾನ್ ಬುಲ್ಲೊಕರನ ಕೋಶವೂ ೧೬೨೩ರಲ್ಲಿ ಹೆನ್ರಿ ಕಾಕರಮನ ಕೋಶವೂ ಬಂದುವು. ಕಾಕರಮನು ಕಠಿನಪದಕ್ಕೆ ಸುಲಭಾರ್ಥವನ್ನು ಹೇಳಿ ಸುಮ್ಮನಾಗದೆ, ಎರಡನೆಯ ಭಾಗದಲ್ಲಿ ಸಾಮಾನ್ಯಪದಗಳನ್ನು ಮುಂದಿಟ್ಟು ಅವಕ್ಕೆ ಗಂಭೀರವಾದ ಕಠಿನಪದಗಳನ್ನು ಒದಗಿಸಿದನು. ಕೋಶವು ಓದುವವನ ಊರುಗೋಲಾಗುವ ಬದಲು ಆಡಂಬರಪ್ರಿಯನ ಒಡವೆಯ ಪೆಟ್ಟಿಗೆಯಾಯಿತು.

ಅವನಲ್ಲಿ ‘ಲೇಟ್ರೇಟ್’ ಎಂದರೆ ನಾಯಿಯಂತೆ ಬೊಗಳು. ‘ಬ್ಯೂಬಲ್ಸಿಟೇಟ್’ ಎಂದರೆ ದನಗಾಹಿಯಂತೆ ಕೂಗು. ಎರಡನೆಯದರ ಮೂಲದಲ್ಲಿರುವ ಲ್ಯಾಟಿನ್ನಿನ ‘ಬೋಸ್’ ನಮ್ಮ ‘ಗೋ’ ಶಬ್ದದ ಸಜಾತೀಯವೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಮೃತರಾದ ತಾಯಿತಂದೆಗಳ ಉತ್ತರಕ್ರಿಯೆಯನ್ನು ಮಾಡುವುದಕ್ಕೆ ‘ಪೇರೆಂಟೇಟ್’ ಎಂಬ ಪದವೂ ಅಲ್ಲಿದೆ. ಕುಲದಲ್ಲಿ ಇವುಗಳಿಗೆ ಯಾವ ಕುಂದೂ ಇಲ್ಲ. ಆದರೂ ಇಂಗ್ಲಿಷರ ನಾಯಿಗಳು ಬೊಗಳುವುದು ‘ಬಾರ್ಕ್’ ಎಂಬ ಹಳೆಯ ಮಾತಿನಲ್ಲಿಯೇ. ಇವು ಮಮ್ಮಟನು ಹೇಳಿದ ಅಪ್ರಯುಕ್ತಕ್ಕೆ ನೇರವಾದ ಉದಾಹರಣೆಗಳು.

ಮೂರನೆಯ ಬಗೆಯವಕ್ಕೆ ಸ್ಕೀಟ್ ಎಂಬ ಶಬ್ದಶಾಸ್ತ್ರಜ್ಞನು ೧೮೮೬ರಲ್ಲಿ ‘ಗೋಸ್ಟ್‌ವರ್ಡ್’, ಎಂದರೆ ಪ್ರೇತಪದ, ಎಂದು ಹೆಸರಿಟ್ಟನು. ನಮ್ಮ ದೃಷ್ಟಿಯಿಂದ ಈ ಹೆಸರು ಅಷ್ಟು ಸಮಂಜಸವಲ್ಲ. ಪ್ರೇತವಾಗಬೇಕಾದರೆ ಒಮ್ಮೆ ಬಾಳಿರಬೇಕಷ್ಟೆ. ಎಂದೂ ಹುಟ್ಟದ ಇವನ್ನು ತಾರ್ಕಿಕರ ವಂಧ್ಯಾಪುತ್ರನೊಡನೆ ಹೋಲಿಸುವುದೇ ಯುಕ್ತ. ಡಾಕ್ಟರ್ ಜಾನ್ಸನ್ನನ ೧೭೫೫ರ ಮಹಾಕೋಶದಲ್ಲಿ, ರಭಸದಿಂದ ನೂಕು ಎಂಬ ಅರ್ಥದೊಡನೆ ‘ಫೌಪ್’ ಎಂಬ ಕ್ರಿಯಾಪದವಿದೆ. ಅಂದಿನ ಅಚ್ಚಿನಲ್ಲಿ ‘ಸ’ಕಾರದ ಉದ್ದನೆಯ ರೂಪವು ‘ಫ’ಕಾರವನ್ನು ಹೋಲುತ್ತಿದ್ದುದರಿಂದ, ಕ್ಯಾಮ್ಡನ್ನನ ಗ್ರಂಥದಲ್ಲಿದ್ದ ‘ಸೌಪ್’ ಎಂಬ ಮಾತು ಹೀಗಾಯಿತು. ಅಲ್ಪಪ್ರಾಣ ಮಹಾಪ್ರಾಣಗಳೂ ಹ್ರಸ್ವದೀರ್ಘಗಳೂ ಬೆರೆತುಹೋದ ಓಲೆಯ ಪ್ರತಿಗಳನ್ನು ಪರಿಷ್ಕರಿಸಿದವರಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ.

ಮತ್ತೊಂದು ಉದಾಹರಣೆ ನಮ್ಮ ದೇಶಕ್ಕೇ ಸಂಬಂಧಪಟ್ಟುದು. ೧೮೦೮ರಲ್ಲಿ ಎಡಿನ್‌ಬರೋ ರೆವ್ಯೂ ಎಂಬ ಪತ್ರಿಕೆಯಲ್ಲಿ ಹಿಂದೂಗಳ ಕಠೋರವ್ರತಗಳನ್ನು ವರ್ಣಿಸುತ್ತ, ಕೆಲವರು ಕೊಕ್ಕೆಗಳಿಂದ ತೂಗಾಡುವರೆಂದೂ ಕೆಲವರು ‘ಕೈಮ್ಸ್’ಗಳನ್ನು ಕೈಗಳಲ್ಲಿ ಚುಚ್ಚಿಕೊಳ್ಳುವರೆಂದೂ ಅಚ್ಚಾಯಿತು. ಮೊದಲನೆಯದು ನಮ್ಮವರು ಸಿಡಿಯೆನ್ನುವ ಆಚರಣೆ. ಎರಡನೆಯದು ‘ನೈವ್ಸ್’, ಎಂದರೆ ಚಾಕುಗಳು, ಎಂಬುದರ ಮುದ್ರಣದೋಷ. ಆದರೂ ಆ ಪದವು ಕೆಲಕಾಲ ಚಲಾವಣೆಯಲ್ಲಿತ್ತು. ದೂರದೇಶದ ವಿಷಯವಾದರೆ ಅರ್ಥವಾಗದ ಪದವನ್ನೂ ಓದುಗನು ನಂಬಿಬಿಡುತ್ತಾನೆಂಬುದಕ್ಕೆ ಇದು ಸಾಕ್ಷಿ.

ಆಧುನಿಕಕೋಶಗಳೂ ಇದಕ್ಕೆ ಹೊರತಲ್ಲ. ಸಾಂದ್ರತೆಗೆ ‘ಡಿ’ ಎಂಬ ಅಕ್ಷರವನ್ನು ದೊಡ್ಡದಾಗಿಯಾದರೂ ಚಿಕ್ಕದಾಗಿಯಾದರೂ ಸಂಕೇತವಾಗಿ ಬಳಸಬಹುದೆಂದು ತಿಳಿಸುವ ಚೀಟಿಯೊಂದನ್ನು ೧೯೩೧ರಲ್ಲಿ ವೆಬ್‌ಸ್ಟರ್ ಕೋಶದ ಕಾರ್ಯಾಲಯದಲ್ಲಿ ಸಿದ್ಧಪಡಿಸಿದರು. ‘ಡಿ ಆರ್ ಡಿ’ ಎಂಬ ಆ ಮಾತುಗಳನ್ನು ಕೂಡಿಸಿ ಓದಿದುದರಿಂದ, ೧೯೩೪ರ ಆವೃತ್ತಿಯಲ್ಲಿ ಸಾಂದ್ರತೆಯೆಂಬ ಅರ್ಥದ ‘ಡಾರ್ಡ್’ ಎಂಬ ಪದವು ಅಚ್ಚಾಯಿತು. ೧೯೩೯ರಲ್ಲಿ ಸಂಪಾದಕರೊಬ್ಬರು ಅದಕ್ಕೆ ವ್ಯುತ್ಪತ್ತಿಯೇ ಇಲ್ಲದಿರುವುದನ್ನು ಗಮನಿಸಲಾಗಿ ಗುಟ್ಟು ಹೊರಬಿದ್ದಿತು. ೧೯೪೭ರ ಮುದ್ರಣದಲ್ಲಿ ಅದನ್ನು ತೆಗೆದುಹಾಕಿದರು. ನಿರುಕ್ತವು ಪಂಡಿತರ ವಿನೋದವಲ್ಲ, ಶಬ್ದಪರೀಕ್ಷೆಯ ಒರೆಗಲ್ಲು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹಾಗಾದರೆ ಅಪೂರ್ವಪದಗಳೆಲ್ಲವೂ ತ್ಯಾಜ್ಯವೇ ಎಂದರೆ, ಅಲ್ಲ. ೧೯೬೪ರಲ್ಲಿ ಬೇರ್ ಮತ್ತು ಥಾಮಸ್ ಎಂಬ ಆಸ್ಟ್ರೇಲಿಯದ ವಿಜ್ಞಾನಿಗಳು, ಒಣಗಿದ ನೆಲದ ಮೇಲೆ ಮಳೆ ಬಿದ್ದಾಗ ಏಳುವ ಕಂಪಿಗೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ‘ಪೆತ್ರ’ ಎಂದರೆ ಬಂಡೆ. ‘ಈಖೋರ್’ ಎಂದರೆ ದೇವತೆಗಳ ನಾಳಗಳಲ್ಲಿ ಹರಿಯುವ ದ್ರವ. ಕನೌಜಿನವರು ಅತ್ತರಾಗಿ ಇಳಿಸುವ, ನಮ್ಮ ರೈತನು ಮೊದಲ ಮಳೆಯಲ್ಲಿ ಮೂಗರಳಿಸಿ ಸವಿಯುವ ಮಣ್ಣಿನ ವಾಸನೆಯೇ ಅದು. ಇದೂ ವಿದ್ವಾಂಸರು ಕಟ್ಟಿದ ಪದವೇ. ಆದರೆ ಇದಕ್ಕೆ ಎಲ್ಲರ ಅನುಭವದಲ್ಲಿರುವ ಒಂದು ವಸ್ತುವಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಒಂದೇ ಪದದ ಹೆಸರಿರಲಿಲ್ಲ. ಆದುದರಿಂದ ಇದು ರೂಢಿಗೆ ಬಂದಿತು. ಬೊಗಳುವುದಕ್ಕೆ ಹೆಸರಿದ್ದೇ ಇದ್ದುದರಿಂದ ‘ಲೇಟ್ರೇಟ್’ ನಿಲ್ಲಲಿಲ್ಲ.

ಇದರಿಂದ ಸಿದ್ಧಿಸುವುದಿಷ್ಟು. ಕ್ಲಿಷ್ಟಪದವೊಂದು ಎದುರಾದಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಯಾರು ಎಲ್ಲಿ ಪ್ರಯೋಗಿಸಿದರು? ಅದರ ವ್ಯುತ್ಪತ್ತಿಯೇನು? ಅದು ಹೇಳುವ ಅರ್ಥಕ್ಕೆ ಬೇರೆ ಮಾತು ಇತ್ತೇ? ೧೮೮೪ರಿಂದ ೧೯೨೮ರವರೆಗೆ ಸಂಚಿಕೆಗಳಾಗಿ ಹೊರಟ ಆಕ್ಸ್‌ಫರ್ಡ್ ಮಹಾಕೋಶವು ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಕೊಟ್ಟು, ಬಳಕೆ ತಪ್ಪಿದ ಪದಗಳಿಗೆ ಕಠಾರಿಯ ಆಕಾರದ ಗುರುತನ್ನಿಟ್ಟಿತು. ಪದವನ್ನು ಕೈಬಿಡಲಿಲ್ಲ, ಬದುಕಿದೆಯೆಂದು ಸುಳ್ಳನ್ನೂ ಹೇಳಲಿಲ್ಲ. ಪತಂಜಲಿಯ ಎಚ್ಚರಿಕೆಯೂ ಮಮ್ಮಟನ ಆಕ್ಷೇಪವೂ ಆ ಒಂದು ಗುರುತಿನಲ್ಲಿ ಕೂಡಿಬಂದಿವೆ. ಇಂಗ್ಲಿಷ್ ಕೋಶಗಳಿಂದ ಕನ್ನಡಕ್ಕೆ ಅರ್ಥ ತರುವವರು ಆ ಗುರುತನ್ನೂ ಜತೆಯಲ್ಲಿಯೇ ತರಬೇಕು. ತರದಿದ್ದರೆ, ಇಂಗ್ಲಿಷರೇ ಆಡದ ಮಾತನ್ನು ನಮ್ಮ ಮಕ್ಕಳು ಇಂಗ್ಲಿಷೆಂದು ಕಲಿಯುವರು; ಒಬ್ಬನ ಕಣ್ತಪ್ಪು ಮತ್ತೊಬ್ಬನಿಗೆ ಪ್ರಮಾಣವಾಗುವುದು. ಉಪಾಧ್ಯಾಯರೂ ಪರೀಕ್ಷಕರೂ ಪದದ ಅರ್ಥವನ್ನು ಕೇಳುವ ಮುನ್ನ ಅದರ ಪ್ರಯೋಗವನ್ನು ತಾವು ಕಂಡಿರುವರೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.